ಕೊರಗರಲ್ಲಿ ಎಪ್ಪತ್ತು ದಾಟಿದವರು ನಿಮ್ಮ ಊರಿನಲ್ಲಿ ಎಷ್ಟು ಮಂದಿ ಇದ್ದಾರೆ?

ಬದಿಯಡ್ಕದ ಮಾಷ್ಟ್ರು

ವೇದಿಕೆಯ ಬಂಧುಗಳಿಗೆ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ಹಳೆ ವಿದ್ಯಾರ್ಥಿಗಳ ಕೂಟವೊಂದನ್ನು ಕರೆಯಬೇಕೆಂದು ಕಳೆದ ವಾರ 1989ರ ನಾಲ್ಕನೆಯ ತರಗತಿಯ ಹಾಜರಿ ಪುಸ್ತಕವನ್ನು ಎದುರಿಗಿಟ್ಟುಕೊಂಡು ಒಬ್ಬೊಬ್ಬರ ಈಗಿನ ವಿಳಾಸವನ್ನು ವಿಚಾರಿಸುತ್ತಾ ಹೋದೆ. ಮೂವತ್ತೊಂದು ಮಕ್ಕಳಲ್ಲಿ ನಾಲ್ವರು ನಮ್ಮ ತುಳುನಾಡಿನ ಬುಡಕಟ್ಟಾದ ಕೊರಗರ ಮಕ್ಕಳು. ಉಳಿದ ಇಪ್ಪತ್ತೇಳು ಮಂದಿಯಲ್ಲಿ ಇಬ್ಬರು ತೀರಿಹೋಗಿದ್ದಾರೆ. ಕೊರಗರ ನಾಲ್ವರಲ್ಲಿ ಉಳಿದಿರುವವಳು ಒಬ್ಬಳೇ. ಒಬ್ಬ ಕ್ಷಯದಿಂದ, ಒಬ್ಬಳು ಹೆರಿಗೆಯಾದ ಮೂರನೆಯ ದಿನ, ಮತ್ತೊಬ್ಬ ಏನೆಂದು ಮನೆಯವರಿಗೂ ತಿಳಿಯದ ಜ್ವರದಿಂದ ಹೋದರು. ಬದುಕಿದ್ದರೆ ಮೂವರಿಗೂ ಈಗ ನಲವತ್ತೈದರ ಆಸುಪಾಸು. ಪುಸ್ತಕವನ್ನು ಮುಚ್ಚಿಟ್ಟ ಮೇಲೂ ಆ ಹೆಸರುಗಳು ನನ್ನನ್ನು ಬಿಡುತ್ತಿಲ್ಲ.

2014–18ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ಹುಟ್ಟುವ ಮಗುವಿನ ನಿರೀಕ್ಷಿತ ಆಯುಷ್ಯ 75.3 ವರ್ಷ. ಡಾ. ಅಭಯ್ ಬಂಗ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ 2018ರಲ್ಲಿ ಕೊಟ್ಟ ಬುಡಕಟ್ಟು ಆರೋಗ್ಯದ ವರದಿಯಲ್ಲಿ ದೇಶದ ಪರಿಶಿಷ್ಟ ಪಂಗಡದವರ ಆಯುಷ್ಯ 63.9 ವರ್ಷ ಎಂದಿದೆ. ಹನ್ನೊಂದು ವರ್ಷಕ್ಕೂ ಮಿಕ್ಕ ಅಂತರವಾಯಿತಲ್ಲ! ಹಾಗಾದರೆ ನಮ್ಮ ಕೊರಗರದ್ದು ಎಷ್ಟು? ಈ ಪ್ರಶ್ನೆಗೆ ಉತ್ತರ ಹೇಳುವವರು ನನಗೆ ಎಲ್ಲಿಯೂ ಸಿಗಲಿಲ್ಲ. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ: ನಿಮ್ಮ ಊರಿನಲ್ಲಿ ಎಪ್ಪತ್ತು ದಾಟಿದ ಕೊರಗರು ಎಷ್ಟು ಮಂದಿ ಇದ್ದಾರೆ? ನೆನಪಿನಿಂದ ಬೇಡ, ವಿಚಾರಿಸಿ ಬರೆಯಿರಿ.

ಕುಂಬಳೆಯ ಓದುಗ

ನಮ್ಮ ವಾರ್ಡಿನಲ್ಲಿ ಕೊರಗರ ಹದಿನಾಲ್ಕು ಮನೆಗಳಿವೆ. ವಿಚಾರಿಸಿದೆ. ಒಬ್ಬ ಅಜ್ಜಿ ಮಾತ್ರ ಇದ್ದಾರೆ, ಅವರ ವಯಸ್ಸೂ ಅಂದಾಜಿನದು.

ಅಡೂರು ಕಡೆಯವರು

ಮಾಷ್ಟ್ರು ಸ್ವಲ್ಪ ಅತಿಯಾಗಿ ಚಿಂತಿಸುತ್ತಿದ್ದಾರೆ ಎಂದು ನನಗೆ ತೋರುತ್ತದೆ. ನಮ್ಮ ಕಡೆಯ ಮಲೆಯಲ್ಲಿ ತೊಂಬತ್ತು ದಾಟಿದ ಅಜ್ಜಂದಿರನ್ನು ನಾನೇ ಬಲ್ಲೆ. ಸೊಪ್ಪು, ಗೆಣಸು, ಜೇನು ತಿಂದು ಬೆಳೆದ ಆ ಜನ ನಮಗಿಂತ ಗಟ್ಟಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲವೂ ನಮ್ಮಂಥವರಿಗೆ ಬರುವವುಗಳು.

ಲೆಕ್ಕದ ಪಾಠ

ಇಬ್ಬರಿಗೂ ಒಂದೊಂದು ತಿದ್ದುಪಡಿಯನ್ನು ಹೇಳಬೇಕಾಗಿದೆ.

ಮಾಷ್ಟ್ರೇ, ಕೇರಳದ ಸರಾಸರಿಯಿಂದ ಇಡೀ ಭಾರತದ ಬುಡಕಟ್ಟುಗಳ ಸರಾಸರಿಯನ್ನು ಕಳೆಯುವುದು ಸರಿಯಾಗದು. 63.9 ಎಂಬ ಅಂಕಿಯ ಎದುರು ಅದೇ ವರದಿಯಲ್ಲಿರುವುದು ದೇಶದ ಸಾಮಾನ್ಯ ಜನರ 67 ವರ್ಷ. ಅಂತರ ಸುಮಾರು ಮೂರು ವರ್ಷ. ನಿಮ್ಮ ಹನ್ನೊಂದನ್ನು ಯಾರಾದರೂ ಸಭೆಯಲ್ಲಿ ಪ್ರಶ್ನಿಸಿದರೆ ನಿಮ್ಮ ಮಾತೆಲ್ಲವೂ ಬಿದ್ದುಹೋಗುತ್ತದೆ, ಹಾಗಾಗಬಾರದೆಂದು ಹೇಳುತ್ತಿದ್ದೇನೆ.

ಅಡೂರಿನವರೇ, ಹುಟ್ಟಿದಾಗಿನ ನಿರೀಕ್ಷಿತ ಆಯುಷ್ಯ ಅರುವತ್ತನಾಲ್ಕು ಎಂದರೆ ಎಲ್ಲರೂ ಅರುವತ್ತನಾಲ್ಕಕ್ಕೆ ಸಾಯುತ್ತಾರೆಂದು ಅರ್ಥವಲ್ಲ. ಒಬ್ಬರು ತೊಂಬತ್ತು ವರ್ಷ ಬದುಕಿ, ಪಕ್ಕದ ಮನೆಯ ಕೂಸು ಹದಿನೈದು ದಿನಕ್ಕೆ ಹೋದರೆ ಇಬ್ಬರ ಸರಾಸರಿ ನಲವತ್ತೈದು. ನಿಮಗೆ ಕಾಣುವವರು ಬದುಕಿ ಉಳಿದವರು. ಹೋದವರು ನಿಮ್ಮ ಕಣ್ಣಿಗೆ ಬೀಳಲು ಅಲ್ಲಿರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಾವಿರ ಜನನಕ್ಕೆ ಐದು ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳು ದೇಶದಲ್ಲಿ ಸರಾಸರಿ 42, ಪರಿಶಿಷ್ಟ ಪಂಗಡಗಳಲ್ಲಿ 50.

ಬದಿಯಡ್ಕದ ಮಾಷ್ಟ್ರು

ತಿದ್ದುಪಡಿಯನ್ನು ಒಪ್ಪಿದೆ. ಹನ್ನೊಂದನ್ನು ಹಿಂದೆಗೆದುಕೊಳ್ಳುತ್ತೇನೆ. ನನ್ನ ನಾಲ್ವರಲ್ಲಿ ಮೂವರನ್ನು ಹಿಂದೆಗೆದುಕೊಳ್ಳಲಾರೆ.

ಮಂಜೇಶ್ವರದಿಂದ

ಯಾರೂ ಹೇಳದ ಮಾತನ್ನು ನಾನು ಹೇಳಿಬಿಡುತ್ತೇನೆ. ಕುಡಿತವೇ ಮೂಲ ಕಾರಣ. ಸರಕಾರ ಮನೆ ಕೊಡುತ್ತದೆ, ಅಕ್ಕಿ ಕೊಡುತ್ತದೆ, ಬಸುರಿಯರಿಗೆ ದುಡ್ಡು ಕೊಡುತ್ತದೆ. ಸಂಜೆಯಾದರೆ ಎಲ್ಲವೂ ಅಂಗಡಿಗೆ ಹೋಗುತ್ತದೆ. ಇದನ್ನು ಹೇಳಿದರೆ ಜಾತಿವಾದಿ ಎನ್ನುತ್ತೀರಿ, ಆದರೂ ಕಂಡದ್ದನ್ನು ಹೇಳಿದ್ದೇನೆ.

ಊರೂರು ತಿರುಗುವ ನರ್ಸಮ್ಮ

ನಾನು ಹತ್ತೊಂಬತ್ತು ವರ್ಷಗಳಿಂದ ಈ ಜಿಲ್ಲೆಯ ಉತ್ತರ ಭಾಗದಲ್ಲಿ ಆರೋಗ್ಯ ಇಲಾಖೆಯ ಕೆಲಸದಲ್ಲಿದ್ದೇನೆ. ಕುಡಿತ ಇದೆ, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಹದಿನೆಂಟರ ಹುಡುಗಿಯ ರಕ್ತ ಪರೀಕ್ಷೆ ಮಾಡಿ ಹಿಮೋಗ್ಲೋಬಿನ್ ಏಳಕ್ಕಿಳಿದಿದೆ ಎಂದು ಬರೆದುಕೊಳ್ಳುವಾಗ ಅವಳು ಯಾವ ಅಂಗಡಿಗೆ ಹೋಗಿದ್ದಳೆಂದು ಮಂಜೇಶ್ವರದವರು ನನಗೆ ಹೇಳಬೇಕು. ಕುಡಿಯದ ಹೆಂಗಸರೂ ಮಕ್ಕಳೂ ಸಾಯುತ್ತಿರುವಾಗ ಕುಡಿತವೊಂದನ್ನೇ ಹಿಡಿದುಕೊಂಡರೆ ನಮ್ಮ ಮನಸ್ಸು ಹಗುರವಾಗಬಹುದು, ಅವರ ರಕ್ತ ಹೆಚ್ಚುವುದಿಲ್ಲ.

ಕ್ಷಯದ ವಿಷಯ ಬಂದುದರಿಂದ ಹೇಳುತ್ತೇನೆ. ಬಂಗ್ ಸಮಿತಿಯ ವರದಿಯಲ್ಲಿ ಲಕ್ಷಕ್ಕೆ 703 ಬುಡಕಟ್ಟು ಜನರಲ್ಲಿ ಕ್ಷಯವಿದ್ದರೆ ದೇಶದಲ್ಲಿ ಅದು 256 ಎಂದಿದೆ. ಎಲ್ಲರ ಮನೆಯ ಗಾಳಿಯಲ್ಲೂ ಇರಬಹುದಾದ ಆ ಕೀಟಾಣು ಅರೆಹೊಟ್ಟೆಯ ದೇಹವನ್ನು ಬೇಗ ಹಿಡಿಯುತ್ತದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಜಾರ್ಖಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ಜಿಲ್ಲೆಯವರು ಓದಲೇಬೇಕು. 2,800 ರೋಗಿಗಳ ಮನೆಗಳ ಹತ್ತು ಸಾವಿರಕ್ಕೂ ಮಿಕ್ಕ ಮಂದಿಯಲ್ಲಿ ಒಂದು ಗುಂಪಿನ ಮನೆಯವರಿಗೆಲ್ಲ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಗಳ ಪೊಟ್ಟಣವನ್ನು ತಿಂಗಳು ತಿಂಗಳು ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು 39 ಶೇಕಡದಷ್ಟು, ಸೋಂಕು ಹರಡುವ ಶ್ವಾಸಕೋಶದ ಕ್ಷಯ 48 ಶೇಕಡದಷ್ಟು ಕಡಿಮೆಯಾಯಿತು. ಕೊಟ್ಟದ್ದು ಹೊಸ ಮದ್ದಲ್ಲ, ಅನ್ನ ಮತ್ತು ಬೇಳೆ.

ನನ್ನ ವ್ಯಾಪ್ತಿಯ ಒಂದು ಮನೆಯಲ್ಲಿ ಅಪ್ಪನಿಗೆ ಕ್ಷಯದ ಮದ್ದು ಮುಗಿಯುವ ಹೊತ್ತಿಗೆ ಮಗನಿಗೆ ಕೆಮ್ಮು ಶುರುವಾಗಿತ್ತು. ಮಾತ್ರೆಯನ್ನು ನಾನು ತಪ್ಪದೆ ತಲುಪಿಸಿದ್ದೆ. ಒಲೆಯ ಮೇಲೆ ಏನಿದೆ ಎಂದು ಇಣುಕಿ ನೋಡಿರಲಿಲ್ಲ. ಅದು ನನ್ನ ತಪ್ಪು.

ವಿಟ್ಲದ ಬುಟ್ಟಿ

ಒಲೆಯ ಮೇಲೆ ಏನಿದೆ ಎಂಬುದನ್ನು ಹೊಲ ನಿರ್ಧರಿಸುತ್ತದೆ. ಕೊರಗರಿಗೆ ಹೊಲವೇ ಇಲ್ಲ. ಗಡಿಯ ಈಚೆ, ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ, ಕೊರಗರ ಕುರಿತ ಮಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿ ಮೂವತ್ತು ವರ್ಷವಾಯಿತು. ಇಂದಿಗೂ ಸಮುದಾಯದವರು ಅದನ್ನೇ ಕೇಳುತ್ತಾ ಧರಣಿ ಕೂರುತ್ತಿದ್ದಾರೆ. ಬುಟ್ಟಿ ಹೆಣೆಯಲು ಕಾಡಿನ ಬೂರು (ಬಳ್ಳಿ) ತರಲು ಹೋದರೆ ಅರಣ್ಯ ಇಲಾಖೆಯ ತಡೆ, ಹೆಣೆದ ಬುಟ್ಟಿಗೆ ಪ್ಲಾಸ್ಟಿಕ್ಕಿನ ಪೈಪೋಟಿ. ದುಡಿಮೆಯೂ ನೆಲವೂ ಇಲ್ಲದವನ ಆಯುಷ್ಯವನ್ನು ಆಸ್ಪತ್ರೆಯೊಂದೇ ಉದ್ದಮಾಡಲಾರದು.

ನೀರ್ಚಾಲಿನ ಕನ್ನಡಿಗ

ಭಾಷೆಯ ವಿಷಯವನ್ನು ಯಾರೂ ಎತ್ತಲಿಲ್ಲ. ಇಲ್ಲಿಯ ಕೊರಗರ ಮನೆಮಾತು ಕೊರಗ ಭಾಷೆ ಅಥವಾ ತುಳು, ಶಾಲೆಯ ಮಾತು ಕನ್ನಡ. ಒಪಿ ಚೀಟಿ, ಮದ್ದಿನ ಸೂಚನೆ, ಗೋಡೆಯ ಫಲಕ, ಜಾಗೃತಿಯ ಕರಪತ್ರ ಎಲ್ಲವೂ ಮಲಯಾಳದಲ್ಲಿ. ಭಾಷಾ ಅಲ್ಪಸಂಖ್ಯಾತರಾದ ನಮಗೆಲ್ಲ ಆಗುತ್ತಿರುವ ಅನ್ಯಾಯದ ಅತ್ಯಂತ ಸ್ಪಷ್ಟ ಉದಾಹರಣೆ ಇದು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದಲೂ ಇದನ್ನೇ ಹೇಳುತ್ತಾ ಬಂದಿದ್ದೇವೆ.

ಊರೂರು ತಿರುಗುವ ನರ್ಸಮ್ಮ

ಭಾಷೆಯ ತೊಡಕು ನಿಜ. ಊಟದ ಮೊದಲು, ಊಟದ ನಂತರ ಎಂಬುದೇ ತಿಳಿಯದೆ ಮಾತ್ರೆಯನ್ನು ಒಟ್ಟಿಗೆ ನುಂಗಿದವರನ್ನು ಕಂಡಿದ್ದೇನೆ. ಆದರೆ ನೀವೂ ನಾನೂ ಆ ಚೀಟಿಯನ್ನು ಹಿಡಿದುಕೊಂಡು ಮಂಗಳೂರಿಗೆ ಹೋಗಬಲ್ಲೆವು. ಅವರ ಸಾವನ್ನು ನಮ್ಮ ಮನವಿಪತ್ರದ ಒಂದು ಸಾಲಾಗಿ ಬಳಸಿಕೊಳ್ಳುವುದು ಬೇಡ, ದಯವಿಟ್ಟು.

ತೂಮಿನಾಡು

ಮಂಗಳೂರಿಗೆ ಹೋಗಬಲ್ಲೆವು ಎನ್ನುವ ಮಾತು 2020ರ ಮಾರ್ಚಿನಲ್ಲಿ ಸುಳ್ಳಾಗಿತ್ತು. ಕೋವಿಡ್‌ಗೆ ಹೆದರಿ ಕರ್ನಾಟಕ ತಲಪಾಡಿಯ ಗಡಿಯನ್ನು ಮುಚ್ಚಿತ್ತು, ಗಡಿಯ ರಸ್ತೆಗಳಿಗೆ ಮಣ್ಣು ಸುರಿದಿದ್ದರು. ಆಂಬುಲೆನ್ಸಿನೊಳಗೆ ರೋಗಿಗಳು ಗಡಿಯಲ್ಲಿಯೇ ಕಾದರು, ದಾಟಲಾಗದೆ ಕೆಲವರು ಪ್ರಾಣ ಬಿಟ್ಟರು. ನನ್ನ ದೊಡ್ಡಪ್ಪನ ಡಯಾಲಿಸಿಸ್ ಎರಡು ಸಲ ತಪ್ಪಿಹೋಯಿತು. ಆ ದಿನಗಳಲ್ಲಿ ನಮ್ಮ ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತ ಸಾವನ್ನು ನೋಡಿದೆವು. ಆಸ್ಪತ್ರೆ ಅಷ್ಟು ಹತ್ತಿರದಲ್ಲಿದ್ದೂ ನಿಮಗಲ್ಲ ಎಂದು ಯಾರೋ ಹೇಳುವುದು ಎಂಥ ಅನುಭವ ಎಂಬುದು ನನಗೆ ಅರ್ಥವಾದದ್ದು ಆಗ. ಕೊರಗರಿಗೆ ಅದು ವರ್ಷದ ಎಲ್ಲ ದಿನಗಳ ಅನುಭವವಿರಬಹುದು.

ಕುಂಬಳೆಯಿಂದ ಮೆಲ್ಬರ್ನಿಗೆ

ಇಲ್ಲಿ ಆಸ್ಟ್ರೇಲಿಯದಲ್ಲಿ ಇದೇ ಪ್ರಶ್ನೆ ರಾಜಕೀಯದ ನಡುಮನೆಯಲ್ಲಿದೆ. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಅವರು ಮೂಲನಿವಾಸಿಗಳ ಕ್ಷಮೆ ಕೇಳಿದರು. ಆಯುಷ್ಯದ ಅಂತರವನ್ನು ಒಂದು ತಲೆಮಾರಿನೊಳಗೆ, ಎಂದರೆ 2031ರ ಹೊತ್ತಿಗೆ ಇಲ್ಲವಾಗಿಸುವ ಗುರಿಯನ್ನೂ ಇಟ್ಟುಕೊಂಡರು. 2020–22ರ ಲೆಕ್ಕದಲ್ಲಿ ಮೂಲನಿವಾಸಿ ಗಂಡಸರ ಆಯುಷ್ಯ 71.9, ಹೆಂಗಸರದ್ದು 75.6. ಉಳಿದವರಿಗಿಂತ ಗಂಡಸರಿಗೆ 8.8, ಹೆಂಗಸರಿಗೆ 8.1 ವರ್ಷ ಕಡಿಮೆ. ಇಷ್ಟು ಶ್ರೀಮಂತ ದೇಶದಲ್ಲಿ! ಇಲ್ಲಿ ಅಂತರದ ದೊಡ್ಡ ಪಾಲು ನಡುವಯಸ್ಸಿನ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆಗಳಿಂದ ಬರುತ್ತದೆ. ಅಡೂರಿನವರು ಸಕ್ಕರೆ ಕಾಯಿಲೆ ನಮ್ಮಂಥವರದ್ದು ಎಂದರಲ್ಲ, ನೆಲವನ್ನೂ ಹಳೆಯ ಆಹಾರವನ್ನೂ ಕಳೆದುಕೊಂಡು ಹಿಟ್ಟು, ಸಕ್ಕರೆಗಳ ಪಡಿತರಕ್ಕೆ ಬಿದ್ದ ಸಮುದಾಯಗಳಲ್ಲಿ ಅದು ಬೇಗ ಬರುತ್ತದೆ, ಬೇಗ ಕೊಲ್ಲುತ್ತದೆ.

ನ್ಯೂಜಿಲೆಂಡಿನಲ್ಲಿ ಮಾವೊರಿಗಳಿಗೂ ಉಳಿದವರಿಗೂ 2017–19ರಲ್ಲಿ ಏಳು ವರ್ಷಕ್ಕೆ ಮಿಕ್ಕ ಅಂತರವಿತ್ತು. ಅಲ್ಲಿ 2022ರಲ್ಲಿ ಮಾವೊರಿ ಆರೋಗ್ಯ ಪ್ರಾಧಿಕಾರವನ್ನು ಕಟ್ಟಿ, ಸರಕಾರ ಬದಲಾದ ಮೇಲೆ 2024ರಲ್ಲಿ ಮುಚ್ಚಿದರು. ಎರಡು ವರ್ಷದಲ್ಲಿ ಯಾವ ಅಂತರ ತುಂಬುತ್ತದೆ, ಹೇಳಿ.

ಮಂಜೇಶ್ವರದಿಂದ

ಶ್ರೀಮಂತ ದೇಶದಲ್ಲೂ ಹೀಗೆಯೇ ಇದೆಯೆಂದಾದರೆ ಬಡತನವೂ ಕಾರಣವಲ್ಲ ಎಂದಾಯಿತು. ಹಾಗಾದರೆ ರಕ್ತದಲ್ಲಿಯೇ ಏನೋ ಇರಬೇಕಲ್ಲವೇ?

ಲೆಕ್ಕದ ಪಾಠ

ಆ ತೀರ್ಮಾನ ತಪ್ಪು. ಉತ್ತರ ಭಾರತದ ಮತ್ತು ಪೂರ್ವದ ಒಂಬತ್ತು ರಾಜ್ಯಗಳ ಎರಡು ಕೋಟಿಯಷ್ಟು ಜನರ ಮಾಹಿತಿಯಿಂದ ಸಂಗೀತಾ ವ್ಯಾಸ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೇಲ್ಜಾತಿಯ ಹಿಂದೂಗಳಿಗಿಂತ ಆದಿವಾಸಿಗಳ ಆಯುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು, ದಲಿತರದ್ದು ಮೂರು ವರ್ಷಕ್ಕೂ ಹೆಚ್ಚು ಕಡಿಮೆಯೆಂದು ಕಂಡಿತು. ಆಸ್ತಿಪಾಸ್ತಿಯ ವ್ಯತ್ಯಾಸ ಆ ಅಂತರದ ಅರ್ಧವನ್ನೂ ವಿವರಿಸಲಿಲ್ಲ. ದಲಿತರ ರಕ್ತ ಬೇರೆಯೆಂದು ನೀವು ಹೇಳುವುದಿಲ್ಲವಲ್ಲ? ಉಳಿಯುವುದು ನಾವು ಅವರನ್ನು ನಡೆಸಿಕೊಳ್ಳುವ ರೀತಿ. ರಕ್ತದ ರೋಗವಾದ ಸಿಕಲ್ ಸೆಲ್ ಕೆಲವು ಬುಡಕಟ್ಟುಗಳಲ್ಲಿ ಇರುವುದು ನಿಜ. 2047ರೊಳಗೆ ಅದನ್ನು ನಿವಾರಿಸುವ ರಾಷ್ಟ್ರೀಯ ಅಭಿಯಾನ 2023ರ ಜುಲೈಯಲ್ಲಿ ಆರಂಭವಾಗಿದೆ. ಆ ರೋಗದಲ್ಲಿಯೂ ಬೇಗ ಪತ್ತೆಯಾದ ಮಗು ಬದುಕುವ ಸಾಧ್ಯತೆ ಹೆಚ್ಚು, ಪತ್ತೆಯಾಗದ ಮಗುವಿಗೆ ಸಾವಿನ ಅಪಾಯ ಹೆಚ್ಚು.

ಎಣ್ಮಕಜೆಯವನು

ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದ ಊರಿನವನಾಗಿ ಒಂದು ಮಾತನ್ನು ಸೇರಿಸುತ್ತೇನೆ. ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದ ವರ್ಷಗಳಲ್ಲಿ ನಮ್ಮ ಮಾತನ್ನು ಯಾರೂ ನಂಬಿರಲಿಲ್ಲ. ವೈದ್ಯಕೀಯ ಶಿಬಿರಗಳು ನಡೆದು, ಪಟ್ಟಿ ತಯಾರಾಗಿ, ಒಂದೊಂದು ಮಗುವಿನ ಹೆಸರೂ ಬರಹಕ್ಕಿಳಿದ ಮೇಲೆಯೇ 2017ರಲ್ಲಿ ಸುಪ್ರೀಂ ಕೋರ್ಟು ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಪಟ್ಟಿಯಲ್ಲಿ ಬಾರದವರು ಇಂದಿಗೂ ಅಲೆಯುತ್ತಿದ್ದಾರೆ. ಎಣಿಕೆಗೆ ಬಂದವನಿಗೆ ಮಾತ್ರ ನ್ಯಾಯ ಎಂಬುದು ನಮ್ಮ ಊರು ಕಲಿತ ಪಾಠ. ಕೊರಗರ ಪಟ್ಟಿಯನ್ನೂ ಮಾಡೋಣ. ಪಂಚಾಯತಿನ ಮರಣ ನೋಂದಣಿಯನ್ನು ತೆಗೆದು ಕುಳಿತರೆ ಒಂದು ವಾರದ ಕೆಲಸ.

ಲೆಕ್ಕದ ಪಾಠ

ಒಂದು ವಾರದಲ್ಲಿ ಆಗುವುದಿಲ್ಲ. ಮರಣ ವರದಿಯ ನಮೂನೆಯನ್ನು ನಾನು ನೋಡಿದ್ದೇನೆ. ತೀರಿಕೊಂಡವರು ಬೀಡಿ ಸೇದುತ್ತಿದ್ದರೇ, ಎಷ್ಟು ವರ್ಷ ಸೇದಿದರು, ಹೊಗೆಸೊಪ್ಪು ತಿನ್ನುತ್ತಿದ್ದರೇ, ಅಡಿಕೆ ಜಗಿಯುತ್ತಿದ್ದರೇ, ಕುಡಿಯುತ್ತಿದ್ದರೇ ಎಂದು ಕೇಳುತ್ತದೆ. ಧರ್ಮವನ್ನೂ ಕೇಳುತ್ತದೆ. ಯಾವ ಬುಡಕಟ್ಟು ಎಂದು ಕೇಳುವುದಿಲ್ಲ. ಆಸ್ಟ್ರೇಲಿಯದಲ್ಲಿ ಸತ್ತವರು ಮೂಲನಿವಾಸಿಯೇ ಎಂದು ದಾಖಲಿಸುವುದರಿಂದಲೇ ಅವರಿಗೆ 8.8 ಎಂದು ಹೇಳಲು ಸಾಧ್ಯವಾಯಿತು.

ಇನ್ನೊಂದು ತೊಡಕು ನಮ್ಮ ಜಿಲ್ಲೆಯದ್ದೇ. ಮರಾಟಿ ಸಮುದಾಯವನ್ನು ಕೇರಳದ ಪರಿಶಿಷ್ಟ ಪಂಗಡಗಳ ಪಟ್ಟಿಯಿಂದ 2003ರಲ್ಲಿ ಹೊರಗಿಟ್ಟು 2013ರಲ್ಲಿ ಮರಳಿ ಸೇರಿಸಿದರು. ಅದೇ 2003ರಲ್ಲಿ ಮಾವಿಲರೂ ಮಲೆವೆಟ್ಟುವರೂ ಪಟ್ಟಿಗೆ ಬಂದರು. ಹೀಗಿರುವಾಗ ಕಾಸರಗೋಡಿನ ಪರಿಶಿಷ್ಟ ಪಂಗಡದ ಸ್ಥಿತಿ ಸುಧಾರಿಸಿದೆ ಅಥವಾ ಕೆಟ್ಟಿದೆ ಎಂದು ಯಾವ ಎರಡು ವರ್ಷಗಳನ್ನು ಹೋಲಿಸಿ ಹೇಳಿದರೂ ನಾವು ಹೋಲಿಸುತ್ತಿರುವುದು ಬೇರೆ ಬೇರೆ ಜನರನ್ನು. 2011ರ ಜನಗಣತಿಯಲ್ಲಿ ಕೇರಳದ ಕೊರಗರು 1,582 ಮಂದಿ. ಯಾವ ರಾಜ್ಯಮಟ್ಟದ ಮಾದರಿ ಸಮೀಕ್ಷೆಯ ಬಲೆಯಲ್ಲೂ ಅವರು ಬೀಳುವುದಿಲ್ಲ. ಕೇರಳದ 75ರೊಳಗೆ ಅವರ ಆಯುಷ್ಯ ಕರಗಿಹೋಗಿದೆ.

ಕೊಪ್ಪದಿಂದ ಬಂದವನು

ಈ ಚರ್ಚೆಯನ್ನು ಮೂರು ದಿನಗಳಿಂದ ಓದುತ್ತಿದ್ದೇನೆ. ನಾನು ಕೊರಗ ಸಮುದಾಯದವನು, ಪದವಿ ಓದಿದ್ದೇನೆ, ಈಗ ಒಂದು ಕಚೇರಿಯಲ್ಲಿ ದಿನಗೂಲಿಗೆ ಕೆಲಸ ಮಾಡುತ್ತೇನೆ.

ನಮ್ಮನ್ನು ಎಣಿಸುವುದಕ್ಕೆ ಬರುವವರು ಕಡಿಮೆಯೇನಿಲ್ಲ. ನಮ್ಮ ಮನೆಯ ಅಂಗಳದಲ್ಲಿ ನನ್ನ ನೆನಪಿನಲ್ಲಿಯೇ ಒಂಬತ್ತು ಸಮೀಕ್ಷೆಗಳಾಗಿವೆ. ತೂಕ ನೋಡಿದರು, ತೋಳಿನ ಸುತ್ತಳತೆ ನೋಡಿದರು, ರಕ್ತ ತೆಗೆದರು, ಡೋಲು ಬಾರಿಸಲು ಹೇಳಿ ಫೋಟೋ ತೆಗೆದರು. ನನ್ನ ಅಮ್ಮನ ರಕ್ತದಲ್ಲಿ ಏನಿತ್ತೆಂದು ಯಾರೂ ಬಂದು ಹೇಳಲಿಲ್ಲ. ಅಮ್ಮ ಐವತ್ತೆರಡಕ್ಕೆ ಹೋದರು. ಜ್ವರ ಬಂದಾಗ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬೆಂಚಿನಲ್ಲಿ ಕುಳಿತಿದ್ದವರು ಅಮ್ಮ ಕುಳಿತ ಕೂಡಲೇ ಎದ್ದು ನಿಂತರು. ಅಮ್ಮ ಏನೂ ಹೇಳದೆ ಎದ್ದು ಹೊರಗೆ ಬಂದು ಮರದಡಿಯಲ್ಲಿ ಕುಳಿತರು. ಮರುವಾರ ಕರೆದಾಗ ಬರುವುದಿಲ್ಲವೆಂದರು. ಕೊರಗರು ಆಸ್ಪತ್ರೆಗೆ ಬರುವುದಿಲ್ಲ, ಅವರಿಗೆ ಅರಿವಿಲ್ಲ ಎಂದು ವರದಿಗಳಲ್ಲಿ ಬರೆಯುತ್ತಾರೆ. ಅರಿವಿಲ್ಲದೆ ಬಾರದಿರುವುದಲ್ಲ, ಅರಿತೇ ಬಾರದಿರುವುದು.

ಅಜಲು ಪದ್ಧತಿಯ ಹೆಸರನ್ನು ಇಲ್ಲಿ ಯಾರೂ ಎತ್ತಲಿಲ್ಲ. ಮೇಲಿನ ಮನೆಯವರ ರೋಗ, ಪೀಡೆ, ಗಂಡಾಂತರಗಳು ನಮ್ಮ ಮೇಲೆ ದಾಟಲಿ ಎಂದು ಅನ್ನದಲ್ಲಿ ಕೂದಲು, ಉಗುರು ಬೆರೆಸಿ ನಮ್ಮ ಹಿರಿಯರಿಗೆ ಉಣಿಸುತ್ತಿದ್ದರು. ಕರ್ನಾಟಕ ಅದನ್ನು 2000ದಲ್ಲಿ ಕಾನೂನು ಮಾಡಿ ನಿಷೇಧಿಸಬೇಕಾಯಿತು. ಊರಿನ ಆಯುಷ್ಯ ಹೆಚ್ಚಲಿ ಎಂದು ನಮ್ಮ ಆಯುಷ್ಯವನ್ನು ಕೇಳಿದ ಊರು ಇದು. ಈಗ ಅದೇ ಊರು ನಮ್ಮ ಆಯುಷ್ಯ ಎಷ್ಟೆಂದು ಕೇಳುತ್ತಿದೆ. ಮಾಷ್ಟ್ರ ಮನಸ್ಸನ್ನು ನಾನು ಸಂಶಯಿಸುವುದಿಲ್ಲ. ಆದರೆ ಪಟ್ಟಿ ಮಾಡುವುದಾದರೆ ಅದು ನಮ್ಮ ಕೈಯಲ್ಲಿರಲಿ, ನಮ್ಮ ಹುಡುಗಿಯರು ಬರೆಯಲಿ, ನಮ್ಮ ಊರುಕೂಟದ ಸಭೆಯಲ್ಲಿ ಓದಿ ಹೇಳಲಿ. ನಮ್ಮ ವಸತಿಗಳನ್ನು ಕರೆಯುತ್ತಿದ್ದ ಕಾಲೊನಿ ಎಂಬ ಶಬ್ದವನ್ನು 2024ರಲ್ಲಿ ಕೇರಳ ಸರಕಾರ ತೆಗೆದುಹಾಕಿತು, ಒಳ್ಳೆಯದಾಯಿತು. ಫಲಕ ಬದಲಾದ ಮೇಲೆ ಬೆಂಚು ಬದಲಾಗಬೇಕು.

ನೀರ್ಚಾಲಿನ ಕನ್ನಡಿಗ

ನಾನು ಬರೆದದ್ದನ್ನು ಈಗ ಓದಿದಾಗ ನಾಚಿಕೆಯಾಯಿತು. ಕ್ಷಮಿಸಿ.

ಗೂಡಲೂರಿನಿಂದ

ನೀಲಗಿರಿಯ ಗೂಡಲೂರಿನಲ್ಲಿ ನೆಲೆಸಿರುವ ಕನ್ನಡತಿ ನಾನು. ಕೊಪ್ಪದಿಂದ ಬಂದವರು ಕೇಳಿದ್ದು ಇಲ್ಲಿ ಬಹಳಷ್ಟು ನಡೆದಿದೆ. ಅಶ್ವಿನಿ ಎಂಬ ಸಂಸ್ಥೆ 1990ರಲ್ಲಿ ಆರಂಭಿಸಿದ ಗೂಡಲೂರು ಆದಿವಾಸಿ ಆಸ್ಪತ್ರೆಯಲ್ಲಿ ಪಣಿಯ, ಬೆಟ್ಟ ಕುರುಬ, ಮುಳ್ಳು ಕುರುಬ ಸಮುದಾಯಗಳ ಹುಡುಗಿಯರನ್ನೇ ತರಬೇತುಗೊಳಿಸಿ ನರ್ಸುಗಳನ್ನಾಗಿ ಮಾಡಿದರು. ಒಳಗೆ ಹೋದ ಅಜ್ಜಿಗೆ ತನ್ನ ಮಾತಿನಲ್ಲಿಯೇ ಎಲ್ಲಿ ನೋವು ಎಂದು ಕೇಳುವವರು ಸಿಗುತ್ತಾರೆ. ಹೆರಿಗೆಗೆ ಬರಲು ಹೆದರುತ್ತಿದ್ದವರು ಬರತೊಡಗಿದ್ದು ಹಾಗೆ.

ಕುಂಬಳೆಯಿಂದ ಮೆಲ್ಬರ್ನಿಗೆ

ಇಲ್ಲಿಯೂ 1971ರಲ್ಲಿ ಸಿಡ್ನಿಯ ರೆಡ್‌ಫರ್ನಿನಲ್ಲಿ ಮೂಲನಿವಾಸಿಗಳೇ ತಮ್ಮ ವೈದ್ಯಕೀಯ ಕೇಂದ್ರವನ್ನು ಕಟ್ಟಿಕೊಂಡರು. ಆಸ್ಪತ್ರೆಗಳಲ್ಲಿ ಆಗುತ್ತಿದ್ದ ಅವಮಾನವೇ ಅದಕ್ಕೆ ಒಂದು ಕಾರಣ. ಈಗ ಅಂಥ ಕೇಂದ್ರಗಳು ದೇಶದುದ್ದಕ್ಕೂ ನೂರಕ್ಕೂ ಹೆಚ್ಚು ಇವೆ.

ಮಂಜೇಶ್ವರದಿಂದ

ರಕ್ತದ ಮಾತನ್ನು ಹಿಂದೆಗೆದುಕೊಂಡಿದ್ದೇನೆ. ಕುಡಿತದ ಮಾತನ್ನು ಪೂರ್ತಿಯಾಗಿ ಬಿಡಲಾರೆ, ಆದರೆ ಅದನ್ನು ಹೇಳಬೇಕಾದವನು ನಾನಲ್ಲ ಎಂಬುದನ್ನು ಒಪ್ಪುತ್ತೇನೆ.

ಊರೂರು ತಿರುಗುವ ನರ್ಸಮ್ಮ

ಕೊಪ್ಪದಿಂದ ಬಂದವರಿಗೆ: ನಿಮ್ಮ ಕಡೆಯ ಇಬ್ಬರು ಹುಡುಗಿಯರು ಪ್ಲಸ್ ಟು ಮುಗಿಸಿ ಮನೆಯಲ್ಲಿದ್ದಾರೆಂದು ನನಗೆ ಗೊತ್ತು. ನರ್ಸಿಂಗಿನ ಅರ್ಜಿಗೆ ಬೇಕಾದ ದಾಖಲೆಗಳನ್ನು ಹೊಂದಿಸಲು ನಾನು ಜೊತೆಗೆ ಬರುತ್ತೇನೆ. ರಕ್ತ ಪರೀಕ್ಷೆಯ ಫಲಿತಾಂಶವನ್ನು ಮನೆಗೆ ಬಂದು ತುಳುವಿನಲ್ಲಿ ಹೇಳದೆ ಇನ್ನು ಮುಂದೆ ಯಾರ ಬೆರಳನ್ನೂ ಚುಚ್ಚುವುದಿಲ್ಲ.

ಬದಿಯಡ್ಕದ ಮಾಷ್ಟ್ರು

ನಿನ್ನೆ ಸಂಜೆ ನನ್ನ ನಾಲ್ವರಲ್ಲಿ ಉಳಿದವಳ ಮನೆಗೆ ಹೋಗಿದ್ದೆ. ಈ ಚರ್ಚೆಯನ್ನು ಓದಿ ಹೇಳಿದೆ. ಬೆಂಚಿನ ವಿಷಯ ಬಂದಾಗ ಅವಳು ತಲೆಯಾಡಿಸಿದಳು, ಹೆಚ್ಚೇನೂ ಹೇಳಲಿಲ್ಲ. ಹಾಜರಿ ಪುಸ್ತಕವನ್ನು ತೋರಿಸಿದಾಗ ತನ್ನ ಹೆಸರಿನ ಮೇಲೆ ಬೆರಳಿಟ್ಟಳು, ಆಮೇಲೆ ಆ ಮೂವರ ಹೆಸರುಗಳ ಮೇಲೆ ಒಂದೊಂದಾಗಿ ಇಟ್ಟು ಅವರು ಯಾವ ವರ್ಷ, ಯಾವ ತಿಂಗಳು, ಮಳೆಗೆ ಮೊದಲೋ ಅನಂತರವೋ ಹೋದರೆಂದು ಹೇಳಿದಳು. ನನಗಾಗಲೀ ಪಂಚಾಯತಿಗಾಗಲೀ ಗೊತ್ತಿಲ್ಲದ ಇನ್ನೂ ಹನ್ನೊಂದು ಹೆಸರುಗಳನ್ನು ಹೇಳಿದಳು. ಬರೆದುಕೊಳ್ಳಲೇ ಎಂದು ಕೇಳಿದೆ. ಬೇಡ, ಮಗಳು ಬರೆಯುತ್ತಾಳೆ ಎಂದು ಒಳಗಿನಿಂದ ಮಗಳ ಶಾಲೆಯ ನೋಟು ಪುಸ್ತಕವನ್ನು ತರಿಸಿದಳು.